ಕರೆಂಟು, ಗ್ಯಾಸು, ಹವಾಮಾನ ಮತ್ತು ಬಡವರ ಜೇಬು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಧನದ ಬಗ್ಗೆ ಮಾತಾಡಲು ಹೋದ ಕಡೆಯೆಲ್ಲ ಸುತ್ತಿ ಬಳಸಿ ಇವೇ ಪ್ರಶ್ನೆಗಳು ಬರುತ್ತವೆ. ಕೆಲವು ಸಭೆಯಲ್ಲಿ ಎದ್ದು ನಿಂತು ಕೇಳಿದ್ದು, ಕೆಲವು ಸಭೆ ಮುಗಿದ ಮೇಲೆ ಕಾಫಿ ಲೋಟ ಹಿಡಿದು ಕೇಳಿದ್ದು, ಇನ್ನು ಕೆಲವು ಪತ್ರದಲ್ಲಿ ಬಂದದ್ದು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಮನೆಯ ಒಲೆಯಿಂದ ಶುರುವಾಗಿ ದೇಶ ದೇಶಗಳ ಜಗಳದವರೆಗೆ ಹೋಗುತ್ತದೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ನಡೆಯುತ್ತದೆ.

## ಮನೆಯ ಲೆಕ್ಕ

ಬಡವರು ಕರೆಂಟ್ ಬಳಸೋದೇ ಕಡಿಮೆ. ಬೆಲೆ ಏರಿದ್ರೆ ಅವರಿಗೇ ಯಾಕೆ ಜಾಸ್ತಿ ಹೊಡೆತ?

ಬಿಲ್ಲು ಸಣ್ಣದು ನಿಜ. ಆದರೆ ಆದಾಯ ಅದಕ್ಕಿಂತಲೂ ಸಣ್ಣದು. ತಿಂಗಳಿಗೆ ಲಕ್ಷ ದುಡಿಯುವವರಿಗೆ ಗ್ಯಾಸ್ ಸಿಲಿಂಡರ್ ಲೆಕ್ಕಕ್ಕೇ ಬರುವುದಿಲ್ಲ. ದಿನಗೂಲಿಯವರಿಗೆ ಅದು ಎರಡು ಮೂರು ದಿನದ ದುಡಿಮೆ.

ಬಿಲ್ಲಿನಲ್ಲಿ ಕಾಣದ ಖರ್ಚೂ ಇದೆ. ಡೀಸೆಲ್ ಬೆಲೆ ಏರಿದರೆ ಬಸ್ಸಿನ ಟಿಕೆಟ್ಟು ಏರುತ್ತದೆ, ಟೊಮೆಟೊ ಏರುತ್ತದೆ, ಹಿಟ್ಟಿನ ಗಿರಣಿಯವನೂ ಎರಡು ರೂಪಾಯಿ ಜಾಸ್ತಿ ಕೇಳುತ್ತಾನೆ. ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ಹಾಗಾಗಿ ಎಲ್ಲೋ ಯುದ್ಧವಾದರೆ ಗೊಬ್ಬರದ ಲೆಕ್ಕ ಇಲ್ಲಿ ತಪ್ಪುತ್ತದೆ. ಬಡವರ ಸಂಪಾದನೆಯಲ್ಲಿ ದೊಡ್ಡ ಪಾಲು ಹೊಟ್ಟೆಗೇ ಹೋಗುವುದರಿಂದ ಇದೆಲ್ಲ ನೇರ ತಟ್ಟೆಗೆ ತಟ್ಟುತ್ತದೆ.

ಗ್ಯಾಸ್ ಕನೆಕ್ಷನ್ ಪುಕ್ಕಟೆ ಕೊಟ್ರು. ಆದ್ರೂ ನಮ್ಮೂರಲ್ಲಿ ಸೌದೆ ಒಲೆ ಯಾಕೆ ಆರಿಲ್ಲ?

ಕನೆಕ್ಷನ್ ಕೊಡುವುದು ಒಂದು ಸಲದ ಕೆಲಸ. ಸಿಲಿಂಡರ್ ತುಂಬಿಸುವುದು ಪ್ರತಿ ತಿಂಗಳ ಕೆಲಸ.

ಉಜ್ವಲ ಯೋಜನೆ ಶುರುವಾದದ್ದು 2016ರ ಮೇ 1ರಂದು, ಉತ್ತರ ಪ್ರದೇಶದ ಬಲಿಯಾದಲ್ಲಿ. ಇವತ್ತಿಗೆ 10 ಕೋಟಿಗೂ ಹೆಚ್ಚು ಮನೆಗಳಿಗೆ ಕನೆಕ್ಷನ್ ಹೋಗಿದೆ. ಇದು ಸಣ್ಣ ಸಾಧನೆ ಅಲ್ಲ. ಆದರೆ 2019-20ರಲ್ಲಿ ಈ ಮನೆಗಳು ವರ್ಷಕ್ಕೆ ಸರಾಸರಿ ತರಿಸಿಕೊಂಡದ್ದು ಮೂರೇ ಸಿಲಿಂಡರ್. 2024-25ಕ್ಕೆ ಅದು ನಾಲ್ಕೂವರೆಯ ಹತ್ತಿರ ಬಂದಿದೆ. ನಾಲ್ಕೈದು ಜನರ ಮನೆಯಲ್ಲಿ ಪೂರ್ತಿ ಗ್ಯಾಸಿನಲ್ಲೇ ಅಡುಗೆ ಆಗಬೇಕಾದರೆ ಇದರ ಹೆಚ್ಚುಕಡಿಮೆ ಎರಡರಷ್ಟು ಬೇಕು.

2022ರಲ್ಲಿ ಸಿಲಿಂಡರ್ ಬೆಲೆ 1,000 ರೂಪಾಯಿ ದಾಟಿದಾಗ ಸರ್ಕಾರ ಉಜ್ವಲ ಮನೆಗಳಿಗೆ 200 ರೂಪಾಯಿ ಸಬ್ಸಿಡಿ ಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 300 ಮಾಡಿತು. ಬೆಲೆ ಇಳಿದಂತೆ ಸಿಲಿಂಡರ್ ತರಿಸುವುದು ಹೆಚ್ಚಾಯಿತು. ಅಂದರೆ ಹಳ್ಳಿಯ ಹೆಂಗಸರಿಗೆ ಗ್ಯಾಸ್ ಬೇಡ ಅಂತೇನೂ ಇರಲಿಲ್ಲ, ಕೈಗೆ ಎಟುಕುತ್ತಿರಲಿಲ್ಲ.

ಬೇರೆ ತೊಡಕುಗಳೂ ಇವೆ. ಸಬ್ಸಿಡಿ ಆಮೇಲೆ ಖಾತೆಗೆ ಬೀಳುತ್ತದೆ, ಪೂರ್ತಿ ದುಡ್ಡು ಮೊದಲೇ ಕೊಡಬೇಕು. ವಾರಕ್ಕೊಮ್ಮೆ ಬಟವಾಡೆ ಆಗುವ ಮನೆಯಲ್ಲಿ ಒಂದೇ ಸಲ ಅಷ್ಟು ದುಡ್ಡು ಎತ್ತಿಡುವುದು ಕಷ್ಟ. 5 ಕೆಜಿ ಸಿಲಿಂಡರ್ ಇದೆ, ಆದರೆ ಹಳ್ಳಿಗಳಲ್ಲಿ ಅದನ್ನು ಕೇಳುವವರೂ ಕಡಿಮೆ, ತಂದುಕೊಡುವವರೂ ಕಡಿಮೆ. ಸ್ನಾನದ ನೀರು ಕಾಯಿಸುವ ಹಂಡೆ ಒಲೆಯಂತೂ ಸೌದೆಯದ್ದೇ. ಸೌದೆ ಆರಿಸಿ ತರುವುದು ಹೆಂಗಸರು, ಅವರ ಹೊತ್ತಿಗೆ ಮನೆಯಲ್ಲಿ ಯಾರೂ ಬೆಲೆ ಕಟ್ಟುವುದಿಲ್ಲ. ಹಾಗಾಗಿ ಲೆಕ್ಕ ಹಾಕುವಾಗ ಸೌದೆ ಯಾವತ್ತೂ ಪುಕ್ಕಟೆಯಾಗಿಯೇ ಕಾಣುತ್ತದೆ.

ಒಲೆ ಹೊಗೆಯಿಂದ ಅಷ್ಟೇನು ಆಗುತ್ತೆ? ನಮ್ಮಜ್ಜಿ ಹೊಗೆಯಲ್ಲೇ ಬೇಯಿಸಿ ತೊಂಬತ್ತು ವರ್ಷ ಬದುಕಿದ್ರು.

ನಿಮ್ಮಜ್ಜಿ ಗಟ್ಟಿಗಿತ್ತಿ. ಎಲ್ಲರ ಅಜ್ಜಿಯರೂ ಉಳಿಯಲಿಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದರಲ್ಲಿ ಐದು ವರ್ಷದೊಳಗಿನ ಮಕ್ಕಳೇ 2 ಲಕ್ಷಕ್ಕಿಂತ ಜಾಸ್ತಿ. ನ್ಯುಮೋನಿಯಾ, ದಮ್ಮು, ಹೃದಯದ ಕಾಯಿಲೆ ಎಂದು ಬರೆಯುತ್ತಾರೆ, ಒಲೆಯ ಹೆಸರು ಯಾವ ಚೀಟಿಯಲ್ಲೂ ಇರುವುದಿಲ್ಲ.

ಸೋಲಾರ್ ಯೂನಿಟ್ಟಿಗೆ ಎರಡೂವರೆ ರೂಪಾಯಿ ಅಂತೀರ. ಮತ್ತೆ ನಮ್ಮ ಬಿಲ್ಲು ಯಾಕೆ ಇಳಿದಿಲ್ಲ?

ಒಳ್ಳೆಯ ಪ್ರಶ್ನೆ. ಇದಕ್ಕೆ ಅಧಿಕಾರಿಗಳು ನೇರ ಉತ್ತರ ಕೊಡುವುದು ಅಪರೂಪ.

2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಸೋಲಾರ್ ದರ ಯೂನಿಟ್ಟಿಗೆ 2.44 ರೂಪಾಯಿಗೆ ಇಳಿದದ್ದು ನಿಜ. ಆದರೆ ಅದು ಪ್ಯಾನೆಲ್ಲಿನ ಬುಡದಲ್ಲಿನ ಬೆಲೆ, ಅದೂ ಬಿಸಿಲಿರುವಾಗ. ನಿಮ್ಮ ಮನೆಯಲ್ಲಿ ಟಿವಿ, ಮಿಕ್ಸಿ, ಫ್ಯಾನು ಎಲ್ಲ ಒಟ್ಟಿಗೆ ಓಡುವುದು ಸಂಜೆ ಆರರ ಮೇಲೆ. ಆ ಹೊತ್ತಿಗೆ ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು ಬೇಕು. ಮಳೆ ಕೈಕೊಟ್ಟ 2023ರಲ್ಲಿ ರಾಜ್ಯ ಹೊರಗಿನಿಂದ ದುಬಾರಿ ಕರೆಂಟ್ ತರಬೇಕಾಯಿತು.

ಎರಡನೆಯದು, ಹಳೆಯ ಒಪ್ಪಂದಗಳು. ಕಲ್ಲಿದ್ದಲು ಸ್ಥಾವರದಿಂದ ಕರೆಂಟ್ ತೆಗೆದುಕೊಳ್ಳಲಿ ಬಿಡಲಿ, ಅದನ್ನು ಕಟ್ಟಿದ ಖರ್ಚಿನ ಕಂತನ್ನು ಎಸ್ಕಾಂಗಳು, ಅಂದರೆ ಮನೆಮನೆಗೆ ಕರೆಂಟ್ ಹಂಚುವ ಕಂಪನಿಗಳು, ಕೊಡುತ್ತಲೇ ಇರಬೇಕು. ಮದುವೆ ನಿಂತುಹೋದರೂ ಛತ್ರದ ಬಾಡಿಗೆ ಕಟ್ಟಿದ ಹಾಗೆ. ಸೋಲಾರ್ ಬಂದಾಗ ಉಳಿಯುವುದು ಕಲ್ಲಿದ್ದಲಿನ ದುಡ್ಡು ಮಾತ್ರ, ಈ ಕಂತು ಉಳಿಯುವುದಿಲ್ಲ.

ಮೂರನೆಯದು ಬಿಲ್ಲಿನ ಉಳಿದ ಭಾಗ. ತಂತಿ, ಟ್ರಾನ್ಸ್‌ಫಾರ್ಮರ್, ದಾರಿಯಲ್ಲಿ ಸೋರಿಹೋಗುವ ಕರೆಂಟು, ಕದ್ದ ಕರೆಂಟು, ಸಿಬ್ಬಂದಿ ಸಂಬಳ. ಕರ್ನಾಟಕದಲ್ಲಿ 2025-26ರಲ್ಲಿ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದೇ ಯೂನಿಟ್ಟಿಗೆ 36 ಪೈಸೆ ಸೇರಿಸಿದರು. ಕಲ್ಲಿದ್ದಲಿನ ರೈಲು ಬಾಡಿಗೆಯಲ್ಲೂ ಒಂದು ಗುಟ್ಟಿದೆ. ಪ್ರಯಾಣಿಕರ ಟಿಕೆಟ್ ಅಗ್ಗವಾಗಿಡಲು ರೈಲ್ವೆ ಸರಕಿಗೆ ಜಾಸ್ತಿ ಹಾಕುತ್ತದೆ. ಸರಕಿನಲ್ಲಿ ದೊಡ್ಡದು ಕಲ್ಲಿದ್ದಲೇ. ಹಾಗಾಗಿ ಅಗ್ಗದ ರೈಲು ಟಿಕೆಟ್ಟಿನ ಸ್ವಲ್ಪ ಭಾಗವನ್ನು ನೀವು ಕರೆಂಟ್ ಬಿಲ್ಲಿನಲ್ಲಿ ಕಟ್ಟುತ್ತಿದ್ದೀರಿ.

ಗೃಹಜ್ಯೋತಿ ಬಂದ ಮೇಲೆ ನಮಗೆ ಬಿಲ್ಲೇ ಇಲ್ಲ. ಇದರಿಂದ ಯಾರಿಗೇನು ನಷ್ಟ?

ಮೊದಲು ಲಾಭ ಹೇಳೋಣ. ಬಾಡಿಗೆ ಮನೆಯವರಿಗೆ, ಸಣ್ಣ ಸಂಬಳದವರಿಗೆ ತಿಂಗಳಿಗೆ ನಾಲ್ಕೈದು ನೂರು ಉಳಿದರೆ ಅದು ಮಗುವಿನ ಟ್ಯೂಷನ್ನು, ಮಾತ್ರೆ. ಇದನ್ನು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವವರ ಮಾತು ನನಗೆ ಹಿಡಿಸುವುದಿಲ್ಲ.

ತಕರಾರು ಇರುವುದು ಲೆಕ್ಕದ ರೀತಿಯಲ್ಲಿ. 2023ರ ಜುಲೈನಿಂದ ಬಂದ ಈ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗೆ ಅಷ್ಟನ್ನು ಉಚಿತ ಮಾಡಿದರು. ಅಂದರೆ ಆಗ 40 ಯೂನಿಟ್ ಬಳಸುತ್ತಿದ್ದ ಮನೆಗೆ ಸಿಕ್ಕಿದ್ದು 44, 2024ರಲ್ಲಿ ನಿಯಮ ಸಡಿಲಿಸಿದ ಮೇಲೆ 50. ಫ್ರಿಜ್ಜು, ವಾಷಿಂಗ್ ಮಷೀನು ಇದ್ದು 170 ಬಳಸುತ್ತಿದ್ದ ಮನೆಗೆ 187. ಯಾರ ಹತ್ತಿರ ಏನೂ ಇರಲಿಲ್ಲವೋ ಅವರಿಗೆ ಕಡಿಮೆ ಸಹಾಯ. ನನ್ನನ್ನು ಕೇಳಿದರೆ ಎಲ್ಲರಿಗೂ ಮೊದಲ 75 ಯೂನಿಟ್ ಉಚಿತ ಎಂದು ಒಂದೇ ಗೆರೆ ಎಳೆಯಬಹುದಿತ್ತು. ಖರ್ಚೂ ಹಿಡಿತದಲ್ಲಿರುತ್ತಿತ್ತು, ಬಡ ಮನೆ ಒಂದು ಫ್ಯಾನು ಹೆಚ್ಚು ಹಾಕಲು ಹೆದರುತ್ತಿರಲಿಲ್ಲ.

## ಹೊಲದ ಲೆಕ್ಕ

ಪಂಪ್‌ಸೆಟ್ಟಿಗೆ ಮೀಟರ್ ಹಾಕಿ ದುಡ್ಡು ಕೇಳಿದ್ರೆ ರೈತ ಉಳೀತಾನಾ?

ಇವತ್ತಿನ ಸ್ಥಿತಿಯಲ್ಲಿ ಸಣ್ಣ ರೈತ ಉಳಿಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರು ಸಾವಿರ ಅಡಿ ದಾಟಿದೆ. ಅಷ್ಟು ಆಳದಿಂದ ನೀರೆತ್ತುವ ಕರೆಂಟಿಗೆ ಪೂರ್ತಿ ಬೆಲೆ ಕಟ್ಟಿ ರಾಗಿ ಬೆಳೆದರೆ ಅಸಲೂ ಬರುವುದಿಲ್ಲ.

ಆದರೆ ಪುಕ್ಕಟೆ ಕರೆಂಟು ನಿಜಕ್ಕೂ ಪುಕ್ಕಟೆಯೇ? ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಬಿಲ್ಲಿಲ್ಲ. ಬಿಲ್ಲಿಲ್ಲದ ಗಿರಾಕಿಗೆ ಎಸ್ಕಾಂ ಕೊಡುವುದು ಉಳಿದ ಹೊತ್ತಿನ ಕರೆಂಟನ್ನ. ರಾತ್ರಿ ಎರಡಕ್ಕೆ ತ್ರೀ ಫೇಸ್ ಬರುತ್ತದೆ, ಹಾವು ಚೇಳಿನ ನಡುವೆ ಟಾರ್ಚ್ ಹಿಡಿದು ಹೋಗಬೇಕು. ವೋಲ್ಟೇಜ್ ಇಲ್ಲದೆ ಮೋಟಾರ್ ಸುಟ್ಟರೆ ರಿವೈಂಡಿಂಗಿಗೆ ಸಾವಿರಾರು ರೂಪಾಯಿ. ಬೋರೇ ಇಲ್ಲದ, ಮಳೆ ನಂಬಿದ ರೈತನಿಗಂತೂ ಈ ಸಬ್ಸಿಡಿಯಲ್ಲಿ ಪೈಸೆಯೂ ಇಲ್ಲ.

ಇಲ್ಲಿ ಹವಾಮಾನದ ಕೆಲಸ ಮತ್ತು ರೈತನ ಕೆಲಸ ಒಂದೇ ದಾರಿಗೆ ಬರುತ್ತವೆ. ಮಹಾರಾಷ್ಟ್ರ 2017ರಿಂದ ಹಳ್ಳಿಯ ಸಬ್‌ಸ್ಟೇಷನ್ ಪಕ್ಕದಲ್ಲೇ ಸೋಲಾರ್ ಹಾಕಿ, ಪಂಪ್‌ಸೆಟ್ ಲೈನಿಗೆ ಹಗಲಲ್ಲೇ ಕರೆಂಟ್ ಕೊಡುವ ಕೆಲಸ ಹಿಡಿದಿದೆ. 2019ರಲ್ಲಿ ಬಂದ ಕೇಂದ್ರದ ಕುಸುಮ್ ಯೋಜನೆಯಲ್ಲೂ ಇದಕ್ಕೆ ಅವಕಾಶ ಇದೆ, ಕರ್ನಾಟಕವೂ ಮಾಡುತ್ತಿದೆ. ಪಂಜಾಬ್ 2018ರಲ್ಲಿ ಇನ್ನೊಂದು ದಾರಿ ನೋಡಿತು: ನಿಗದಿ ಮಾಡಿದ್ದಕ್ಕಿಂತ ಕಡಿಮೆ ಬಳಸಿದರೆ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ರೈತನ ಖಾತೆಗೆ. ಮೀಟರ್ ಅಂದರೆ ಹೊಡೆಯಲು ಬರುವ ಊರಿನಲ್ಲಿ ದುಡ್ಡು ತರುವ ಮೀಟರಿಗೆ ಜಾಗ ಸಿಗಬಹುದು.

ಪಾವಗಡದ ಸೋಲಾರ್ ಪಾರ್ಕಿನಿಂದ ಅಲ್ಲಿಯ ಬಡವರಿಗೆ ಏನು ಸಿಕ್ತು?

ಯಾವ ಬಡವರು ಅನ್ನುವುದರ ಮೇಲೆ ಹೋಗುತ್ತದೆ.

ತಿರುಮಣಿ ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಪಾರ್ಕ್ ಇದೆ. ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರಗಾಲದ ತಾಲ್ಲೂಕಿನಲ್ಲಿ ಕಡಲೆಕಾಯಿ ಹಾಕಿ ಕೈ ಸುಟ್ಟುಕೊಂಡಿದ್ದವರಿಗೆ ಇದು ಖಾತ್ರಿ ದುಡ್ಡು. ಪಹಣಿಯೂ ಅವರ ಹೆಸರಲ್ಲೇ ಉಳಿಯಿತು. ದೇಶದಲ್ಲಿ ಸ್ಥಾವರಗಳಿಗೆ ಭೂಮಿ ತೆಗೆದುಕೊಂಡ ರೀತಿಗೆ ಹೋಲಿಸಿದರೆ ಇದು ಎಷ್ಟೋ ವಾಸಿ.

ಆದರೆ ಗುತ್ತಿಗೆ ಹಣ ಹೋದದ್ದು ಪಹಣಿ ಇದ್ದವರಿಗೆ. ಜಾಸ್ತಿ ಎಕರೆ ಇದ್ದವರಿಗೆ ಜಾಸ್ತಿ. ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರ ಕೆಲಸ ಹೋಯಿತು, ಕುರಿ ಮೇಯಿಸುವವರಿಗೆ ಬಯಲು ಹೋಯಿತು. ಪ್ಯಾನೆಲ್ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಅಲ್ಲ. ಭೂಮಿ ಇಲ್ಲದವರಿಗೂ ವರ್ಷಕ್ಕಿಷ್ಟು ಎಂದು ಒಪ್ಪಂದದಲ್ಲೇ ಬರೆಯಬಹುದಿತ್ತು. ಮುಂದಿನ ಪಾರ್ಕುಗಳಲ್ಲಾದರೂ ಬರೆಯಬೇಕು.

## ಸರ್ಕಾರದ ಲೆಕ್ಕ

ಸಬ್ಸಿಡಿ ತೆಗೆದು ಆ ದುಡ್ಡನ್ನ ನೇರ ಬಡವರ ಖಾತೆಗೆ ಹಾಕಿದ್ರೆ ಮುಗೀತಲ್ಲ?

ಕಾಗದದ ಮೇಲೆ ಮುಗಿಯುತ್ತದೆ. ಪೆಟ್ರೋಲ್ ಸಬ್ಸಿಡಿಯ ದೊಡ್ಡ ಪಾಲು ಕಾರಿರುವವರಿಗೆ ಹೋಗುತ್ತದೆ ಅನ್ನುವುದೂ ನಿಜ. ಬೀದಿಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ನಾಲ್ಕು ದೇಶ ನೋಡಿ.

ಇಂಡೊನೇಷ್ಯಾ 2005ರ ಅಕ್ಟೋಬರ್‌ನಲ್ಲಿ ಇಂಧನದ ಬೆಲೆಯನ್ನು ಎರಡು ಪಟ್ಟಿಗೂ ಹೆಚ್ಚು ಏರಿಸಿತು. ಅದೇ ಹೊತ್ತಿಗೆ ಒಂದೂವರೆ ಕೋಟಿಗೂ ಹೆಚ್ಚು ಬಡ ಕುಟುಂಬಗಳಿಗೆ ಮೂರು ತಿಂಗಳಿಗೆ 3 ಲಕ್ಷ ರುಪಿಯಾ ಹಂಚಿತು. ಪಟ್ಟಿಯಲ್ಲಿ ಎಡವಟ್ಟುಗಳಿದ್ದವು, ಅರ್ಹರು ಬಿಟ್ಟುಹೋದರು, ಕೆಲವು ಕಡೆ ಗಲಾಟೆ ಆಯಿತು. ಆದರೂ ನೀತಿ ನಿಂತಿತು. 2007ರಿಂದ ಸೀಮೆಎಣ್ಣೆ ಬಿಡಿಸಿ 3 ಕೆಜಿಯ ಸಣ್ಣ ಗ್ಯಾಸ್ ಸಿಲಿಂಡರನ್ನು 5 ಕೋಟಿಗೂ ಹೆಚ್ಚು ಮನೆಗಳಿಗೆ ಮುಟ್ಟಿಸಿದರು. ಹೆಂಗಸರು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಸಿಲಿಂಡರ್ ಅದು.

ಇರಾನ್ 2010ರ ಡಿಸೆಂಬರ್‌ನಲ್ಲಿ ಬೆಲೆ ಏರಿಸುವ ಮುಂಚೆಯೇ ಖಾತೆಗಳಿಗೆ ದುಡ್ಡು ಹಾಕಿ ಇಟ್ಟಿತ್ತು. ಏರಿಸಿದ ದಿನ ತೆಗೆದುಕೊಳ್ಳಿ ಅಂದಿತು. ತಲೆಗೆ ತಿಂಗಳಿಗೆ 4,55,000 ರಿಯಾಲ್. ಜನ ಬೀದಿಗೆ ಇಳಿಯಲಿಲ್ಲ. ಆದರೆ ಆ ಮೊತ್ತವನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಲಿಲ್ಲ, ಕೆಲವೇ ವರ್ಷದಲ್ಲಿ ಅದು ಚಿಲ್ಲರೆ ಕಾಸಾಯಿತು.

ಈಕ್ವೆಡಾರ್ 2019ರ ಅಕ್ಟೋಬರ್‌ನಲ್ಲಿ ಒಂದು ಆಜ್ಞೆ ಹೊರಡಿಸಿ ಡೀಸೆಲ್, ಪೆಟ್ರೋಲ್ ಸಬ್ಸಿಡಿ ತೆಗೆಯಿತು. ಮೂಲನಿವಾಸಿ ಸಂಘಟನೆಗಳು ರಾಜಧಾನಿಗೆ ನುಗ್ಗಿದವು. ಎರಡು ವಾರದೊಳಗೆ ಆಜ್ಞೆ ವಾಪಸ್.

ನೈಜೀರಿಯಾದಲ್ಲಿ 2023ರ ಮೇ ಕೊನೆಗೆ ಹೊಸ ಅಧ್ಯಕ್ಷ ಬೋಲಾ ಟಿನುಬು ಪ್ರಮಾಣವಚನದ ಭಾಷಣದಲ್ಲೇ ಸಬ್ಸಿಡಿ ಮುಗಿಯಿತು ಎಂದರು. ಲೀಟರಿಗೆ 200 ನೈರಾದೊಳಗಿದ್ದ ಪೆಟ್ರೋಲು ದಿನಗಳಲ್ಲೇ 500ರ ಆಸುಪಾಸಿಗೆ ಹೋಯಿತು. ಪರಿಹಾರದ ಹಣ ಬಂದದ್ದು ಆಮೇಲೆ, ಅದೂ ನಿಧಾನವಾಗಿ. ಅಲ್ಲಿ ಮನೆ, ಅಂಗಡಿ, ಕ್ಷೌರದ ಅಂಗಡಿ ಕೂಡ ಸಣ್ಣ ಪೆಟ್ರೋಲ್ ಜನರೇಟರಿನಿಂದ ನಡೆಯುತ್ತವೆ. ಕಾರಿಲ್ಲದವರಿಗೂ ಪೆಟ್ರೋಲ್ ಬೆಲೆ ಹೊಡೆದದ್ದು ಹಾಗೆ.

ಮೊದಲು ದುಡ್ಡು ಅಥವಾ ಬದಲಿ ಇಂಧನ, ಆಮೇಲೆ ಬೆಲೆ ಏರಿಕೆ. ಈ ಅನುಕ್ರಮ ತಿರುಗಿಸಿದ ಕಡೆಯೆಲ್ಲ ಎಡವಟ್ಟಾಗಿದೆ.

ಕಲ್ಲಿದ್ದಲಿನ ಮೇಲೆ ಸೆಸ್ ಹಾಕಿದ್ರಲ್ಲ, ಆ ದುಡ್ಡು ಎಲ್ಲಿಗೆ ಹೋಯ್ತು?

2010ರಲ್ಲಿ ಟನ್ನಿಗೆ 50 ರೂಪಾಯಿಯಿಂದ ಶುರುವಾಗಿ 2016ಕ್ಕೆ 400 ಆಯಿತು. ಶುದ್ಧ ಇಂಧನಕ್ಕೆ ಎಂದೇ ಒಂದು ನಿಧಿ ಮಾಡಿದ್ದರು. ಬಂದ ಹಣದಲ್ಲಿ ಆ ನಿಧಿಗೆ ಸೇರಿದ್ದೇ ಒಂದು ಭಾಗ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಪೂರ್ತಿ ರಾಜ್ಯಗಳ ನಷ್ಟ ತುಂಬಲು ಹೋಯಿತು. 2025ರ ಸೆಪ್ಟೆಂಬರ್ 22ರಿಂದ ಸೆಸ್ಸೇ ಇಲ್ಲ, ಬದಲಿಗೆ ಕಲ್ಲಿದ್ದಲಿನ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿದೆ. ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಟನ್ನಿಗೆ 400ರಂತೆ ವಸೂಲಾದ ಹಣದಲ್ಲಿ ಬಡ ಮನೆಗಳ ಸಿಲಿಂಡರಿಗೆ ಒಂದು ಪಾಲು ಇಟ್ಟಿದ್ದರೆ ಈ ಪಟ್ಟಿಯ ಎರಡನೇ ಪ್ರಶ್ನೆ ಬಹುಶಃ ಇರುತ್ತಿರಲಿಲ್ಲ.

ಕಲ್ಲಿದ್ದಲು ನಿಂತ್ರೆ ಅದನ್ನೇ ನಂಬಿದವರ ಗತಿ?

ದಕ್ಷಿಣ ಆಫ್ರಿಕಾದ ಕೊಮಾಟಿ ಸ್ಥಾವರ 2022ರ ಅಕ್ಟೋಬರ್‌ನಲ್ಲಿ ನಿಂತಿತು. ವಿಶ್ವ ಬ್ಯಾಂಕ್ ದುಡ್ಡು ಕೊಟ್ಟಿತು, ತರಬೇತಿ ಕೇಂದ್ರ, ಸೋಲಾರ್ ಯೋಜನೆ ಎಲ್ಲ ಘೋಷಣೆ ಆಯಿತು. ಆದರೆ ಕೆಲಸ ಮೊದಲು ಹೋಯಿತು, ಹೊಸ ಕೆಲಸ ಹಿಂದೆ ಉಳಿಯಿತು. ಊರಿನವರ ಸಿಟ್ಟು ಇನ್ನೂ ಇಳಿದಿಲ್ಲ. ಜಾರ್ಖಂಡ್‌ನಲ್ಲಿ ಸಂಬಳದ ನೌಕರರಿಗಿಂತ ದೊಡ್ಡ ಸಮಸ್ಯೆ ಲೆಕ್ಕದಲ್ಲೇ ಇಲ್ಲದವರದು: ಸೈಕಲ್ ಮೇಲೆ ಮೂಟೆ ಕಟ್ಟಿ ಕಲ್ಲಿದ್ದಲು ತಳ್ಳುವವರು, ಗಣಿ ಗೇಟಿನ ಚಹಾದವರು, ಲಾರಿ ಕ್ಲೀನರುಗಳು. ಇವರಿಗೆ ಕೊಡಬೇಕಾದ ಪರಿಹಾರದ ಪಟ್ಟಿಯನ್ನು ಯಾರು, ಯಾವ ದಾಖಲೆ ನೋಡಿ ಮಾಡುತ್ತಾರೆ?

## ಪ್ರಪಂಚದ ಲೆಕ್ಕ

ಹೊಗೆ ಬಿಟ್ಟವರು ಅವರು, ಬಿಲ್ಲು ಕಟ್ಟೋದು ನಾವಾ?

ತಲೆಗಿಷ್ಟು ಅಂತ ನೋಡಿದರೆ ಭಾರತೀಯನೊಬ್ಬನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್. ಅಮೆರಿಕದವನಿಗೆ ಸುಮಾರು 14. ಒಟ್ಟು ಲೆಕ್ಕದಲ್ಲಿ ಭಾರತ ಮೂರನೇ ಸ್ಥಾನದಲ್ಲಿದೆ, ಅದಕ್ಕೆ ಕಾರಣ ನಮ್ಮ ಜನಸಂಖ್ಯೆ.

ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನ ಹವಾಮಾನ ಸಮ್ಮೇಳನದಲ್ಲಿ, 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದವು. ಅದು ಮುಟ್ಟಿದ್ದು 2022ರಲ್ಲಿ. ಅದರಲ್ಲೂ ದೊಡ್ಡ ಪಾಲು ಸಾಲ, ಅಂದರೆ ಬಡ್ಡಿ ಸಮೇತ ವಾಪಸ್ ಕೊಡಬೇಕಾದ ಸಹಾಯ. 2024ರಲ್ಲಿ ಬಾಕುವಿನ ಸಮ್ಮೇಳನದಲ್ಲಿ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂದು ಒಪ್ಪಿದರು. ಬಡ ದೇಶಗಳು ಕೇಳಿದ್ದು 1,30,000 ಕೋಟಿ.

ಇಷ್ಟು ಹೇಳಿದ ಮೇಲೆ ಒಂದು ಮಾತು. ಆ 2 ಟನ್ ಸರಾಸರಿಯ ಹಿಂದೆ ಬೆಂಗಳೂರಿನ ಎರಡು ಕಾರಿನ ಮನೆಯೂ ಇದೆ, ಕಲಬುರಗಿಯ ಕೂಲಿಯ ಮನೆಯೂ ಇದೆ. ದೆಹಲಿ ಹೊರಗಿನವರಿಗೆ ಹೇಳುವ ನ್ಯಾಯವನ್ನು ದೇಶದ ಒಳಗೂ ಹೇಳಬೇಕಲ್ವಾ?

ಆಫ್ರಿಕಾದಲ್ಲಿ ಗ್ಯಾಸ್ ಇದ್ರೂ ತೆಗೀಬೇಡಿ ಅಂತಾರಂತೆ. ಇದು ಯಾವ ನ್ಯಾಯ?

ಸಹಾರಾದ ದಕ್ಷಿಣಕ್ಕೆ ಸುಮಾರು 60 ಕೋಟಿ ಜನರಿಗೆ ಇನ್ನೂ ಕರೆಂಟಿಲ್ಲ. 2021ರ ಗ್ಲಾಸ್ಗೊ ಸಮ್ಮೇಳನದಲ್ಲಿ 30ಕ್ಕೂ ಹೆಚ್ಚು ದೇಶಗಳು, ಹೊರದೇಶಗಳ ತೈಲ, ಅನಿಲ ಯೋಜನೆಗಳಿಗೆ ಸರ್ಕಾರಿ ಹಣ ಕೊಡುವುದನ್ನು ನಿಲ್ಲಿಸುತ್ತೇವೆ ಎಂದು ಸಹಿ ಹಾಕಿದವು. ಮರುವರ್ಷ ಉಕ್ರೇನ್ ಯುದ್ಧ ಶುರುವಾಯಿತು. ಯುರೋಪ್ ಸಿಕ್ಕ ಬೆಲೆಗೆ ಅನಿಲದ ಹಡಗುಗಳನ್ನು ಕೊಂಡಿತು. ಪಾಕಿಸ್ತಾನ ಟೆಂಡರ್ ಕರೆದರೆ ಮಾರುವವರೇ ಬರಲಿಲ್ಲ, ಬಾಂಗ್ಲಾದೇಶ ಬೆಲೆ ತಾಳಲಾರದೆ ಖರೀದಿ ನಿಲ್ಲಿಸಿ ಊರೂರಿಗೆ ಕರೆಂಟ್ ಕಡಿತ ಮಾಡಿತು. ಇದನ್ನು ಕಂಡ ಆಫ್ರಿಕಾದ ನಾಯಕರು ಸಿಟ್ಟಾದದ್ದರಲ್ಲಿ ತಪ್ಪಿಲ್ಲ.

ಹಾಗಂತ ಗ್ಯಾಸ್ ತೆಗೆದರೆ ಗುಡಿಸಲಿಗೆ ದೀಪ ಬರುತ್ತದೆ ಅನ್ನುವುದೂ ಸುಳ್ಳು. ನೈಜೀರಿಯಾ 1999ರಿಂದ ಬೋನಿ ದ್ವೀಪದಿಂದ ಹಡಗು ತುಂಬಿ ಅನಿಲ ಮಾರುತ್ತಿದೆ. ಅಲ್ಲಿ ಇವತ್ತಿಗೂ 8 ಕೋಟಿಗೂ ಹೆಚ್ಚು ಜನರಿಗೆ ಕರೆಂಟಿಲ್ಲ.

ಪ್ಯಾನೆಲ್ಲಿನ ಬೆಲೆ ಎಲ್ಲ ಕಡೆ ಒಂದೇ. ಬಡ ದೇಶದಲ್ಲಿ ಸೋಲಾರ್ ಯಾಕೆ ದುಬಾರಿ?

ಬಡ್ಡಿ. ಸೋಲಾರಿಗೆ ಇಂಧನದ ಖರ್ಚಿಲ್ಲ, ಎಲ್ಲ ಖರ್ಚೂ ಮೊದಲ ದಿನವೇ. ಅಂದರೆ ಪೂರ್ತಿ ಸಾಲದ ಆಟ. ಒಂದು ಮೆಗಾವಾಟಿಗೆ 4 ಕೋಟಿ ಸಾಲ, 20 ವರ್ಷದ ಕಂತು ಅಂದುಕೊಳ್ಳಿ. ವರ್ಷಕ್ಕೆ 16 ಲಕ್ಷ ಯೂನಿಟ್ ಬರುತ್ತದೆ ಎನ್ನಿ. ಶೇ 5ರ ಬಡ್ಡಿಗೆ ವರ್ಷದ ಕಂತು ಸುಮಾರು 32 ಲಕ್ಷ, ಯೂನಿಟ್ಟಿಗೆ 2 ರೂಪಾಯಿ. ಶೇ 12 ಆದರೆ ಕಂತು ಸುಮಾರು 54 ಲಕ್ಷ, ಯೂನಿಟ್ಟಿಗೆ 3.35. ಅದೇ ಪ್ಯಾನೆಲ್ಲು, ಅದೇ ಬಿಸಿಲು. ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಬಡ್ಡಿ ಇದಕ್ಕಿಂತಲೂ ಜಾಸ್ತಿ. ಹವಾಮಾನ ಸಮ್ಮೇಳನಗಳಲ್ಲಿ ಗುರಿಗಳ ಬಗ್ಗೆ ಆಡುವ ಮಾತಿನ ಅರ್ಧದಷ್ಟನ್ನು ಬಡ್ಡಿಯ ಬಗ್ಗೆ ಆಡಿದ್ದರೆ ಕೆಲಸ ಮುಂದೆ ಹೋಗುತ್ತಿತ್ತು.

ಪಾಕಿಸ್ತಾನದಲ್ಲಿ ಜನರೇ ಸೋಲಾರ್ ಹಾಕ್ಕೊಂಡ್ರಂತೆ. ಒಳ್ಳೇದಲ್ವಾ?

ಹಾಕಿಕೊಂಡವರಿಗೆ ಒಳ್ಳೆಯದೇ. ಕರೆಂಟ್ ದರ ಸಿಕ್ಕಾಪಟ್ಟೆ ಏರಿದ್ದಕ್ಕೆ 2024 ಒಂದೇ ವರ್ಷದಲ್ಲಿ ಅಲ್ಲಿಗೆ ಸುಮಾರು 17 ಗಿಗಾವಾಟ್ ಪ್ಯಾನೆಲ್ ಬಂದವು. ಅವರ ಗ್ರಿಡ್ಡಿನ ಒಟ್ಟು ಸಾಮರ್ಥ್ಯದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಆದರೆ ಸ್ಥಾವರಗಳ ಹಳೆಯ ಕಂತು ಹಾಗೇ ಇದೆ. ಉಳ್ಳವರು ಗ್ರಿಡ್ಡಿನಿಂದ ದೂರ ಸರಿದಷ್ಟೂ ಆ ಕಂತು ಸ್ವಂತ ಚಾವಣಿ ಇಲ್ಲದವರ, ಬಾಡಿಗೆ ಮನೆಯವರ ಬಿಲ್ಲಿಗೆ ಬೀಳುತ್ತದೆ. ನಮ್ಮ ನಗರಗಳಲ್ಲೂ ಚಾವಣಿ ಸೋಲಾರ್ ಜೋರಾದಂತೆ ಈ ಪ್ರಶ್ನೆ ಬಂದೇ ಬರುತ್ತದೆ.

ಬಡವರಿಗೆಲ್ಲ ಕರೆಂಟು, ಗ್ಯಾಸು ಕೊಟ್ರೆ ಹವಾಮಾನ ಇನ್ನೂ ಕೆಡಲ್ವಾ?

ಲೆಕ್ಕ ಹಾಕೋಣ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು 3 ಕೆಜಿ ಇಂಗಾಲದ ಡೈಆಕ್ಸೈಡ್. 14.2 ಕೆಜಿಯ ಸಿಲಿಂಡರ್ ವರ್ಷಕ್ಕೆ ಹನ್ನೆರಡು ಬಳಸಿದರೂ ಅರ್ಧ ಟನ್. ಇಡೀ ಮನೆಗೆ, ಇಡೀ ವರ್ಷಕ್ಕೆ. ಬೆಂಗಳೂರಿನಿಂದ ಲಂಡನ್ನಿಗೆ ವಿಮಾನದಲ್ಲಿ ಹೋಗಿ ಬಂದರೆ ಒಬ್ಬರ ಪಾಲಿಗೇ ಒಂದು ಟನ್ನಿಗಿಂತ ಜಾಸ್ತಿ.

ಕರೆಂಟಿನಲ್ಲೂ ದಾರಿಗಳಿವೆ. 2014ರಲ್ಲಿ ಸರ್ಕಾರ ಒಂದು ಎಲ್‌ಇಡಿ ಬಲ್ಬನ್ನು 310 ರೂಪಾಯಿಗೆ ಕೊಂಡಿತ್ತು. ಕೋಟಿಗಟ್ಟಲೆ ಒಟ್ಟಿಗೆ ಕೊಳ್ಳಲು ಶುರು ಮಾಡಿದ ಮೇಲೆ 2016ಕ್ಕೆ ಅದು 38ಕ್ಕೆ ಇಳಿಯಿತು. ಈಗ ಫ್ಯಾನಿಗೆ ಹಾಗೇ ಮಾಡಬೇಕು. ಹಳೆಯ ಫ್ಯಾನು 75 ವಾಟ್ ತಿಂದರೆ ಬಿಎಲ್‌ಡಿಸಿ ಎಂಬ ಹೊಸ ಬಗೆಯ ಮೋಟಾರಿನ ಫ್ಯಾನು 30ರ ಆಸುಪಾಸು. ಬೇಸಿಗೆ ವರ್ಷ ವರ್ಷ ಏರುತ್ತಿರುವಾಗ ತಗಡಿನ ಮನೆಯವರಿಗೆ ಬೇಕಾದ್ದು ಇದೇ, ಆದರೆ ಅಂಗಡಿಯಲ್ಲಿ ಅದರ ಬೆಲೆ ಮಾಮೂಲಿ ಫ್ಯಾನಿಗಿಂತ ಎಷ್ಟೋ ಜಾಸ್ತಿ.

ಇದೆಲ್ಲ ಸರಿ. ನಮ್ಮಂಥೋರು ಎಲ್ಲಿ ಹೋಗಿ ಮಾತಾಡ್ಬೇಕು?

ಕರೆಂಟಿನ ಮಟ್ಟಿಗಾದರೂ ಒಂದು ಜಾಗ ಇದೆ. ದರ ಏರಿಸುವ ಮುಂಚೆ ಎಸ್ಕಾಂಗಳು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಬೇಕು. ಅರ್ಜಿಯ ಸಾರಾಂಶ ಪತ್ರಿಕೆಗಳಲ್ಲಿ ಬರುತ್ತದೆ. ಯಾರು ಬೇಕಾದರೂ ಕನ್ನಡದಲ್ಲೇ ಆಕ್ಷೇಪಣೆ ಬರೆದು ಕಳಿಸಬಹುದು, ಆಮೇಲೆ ನಡೆಯುವ ಸಾರ್ವಜನಿಕ ವಿಚಾರಣೆಯಲ್ಲಿ ಎದ್ದು ಮಾತಾಡಬಹುದು. ವಕೀಲರು ಬೇಕಿಲ್ಲ. ಅಲ್ಲಿ ಹೆಚ್ಚಾಗಿ ಕಾಣುವುದು ಕೈಗಾರಿಕಾ ಸಂಘಗಳವರು ಮತ್ತು ಕೆಲವು ರೈತ ಮುಖಂಡರು. ಬಾಡಿಗೆ ಮನೆಯವರು, ಗುಡಿಸಲು ಪ್ರದೇಶದವರು ಬರುವುದು ತೀರಾ ಕಡಿಮೆ. ಹೋಗುವಾಗ ನಿಮ್ಮ ಆರು ತಿಂಗಳ ಬಿಲ್ಲು ಜೊತೆಗಿರಲಿ. ಕರೆಂಟ್ ಬಳಸಲಿ ಬಿಡಲಿ ಕಟ್ಟಬೇಕಾದ ನಿಗದಿತ ಶುಲ್ಕದ ಸಾಲಿಗೆ ಮೊದಲೇ ಗೆರೆ ಎಳೆದಿಟ್ಟುಕೊಂಡಿರಿ.